ಭಜ್ಜಿ ಎಲ್ಲರದು, ವಿಡಿಯೊ ನನ್ನದು

ನಮ್ಮ ವಿಡಿಯೊ ಯಾರೋ ಎತ್ತಿಕೊಂಡು ಹಾಕಿದ್ದಾರೆ, ಏನು ಮಾಡೋದು ಅಂತ ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಕಲಬುರಗಿಯಲ್ಲೇ ಅಡುಗೆ, ರಂಗೋಲಿ, ಹೊಲದ ಕೆಲಸ ಅಂತ ಸಣ್ಣ ಸಣ್ಣ ಚಾನೆಲ್ ನಡೆಸುವ ಹೆಣ್ಣುಮಕ್ಕಳು ಬಹಳ ಇದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಅದನ್ನೇ ಹೇಳಿ ಹೇಳಿ ನನಗೂ ಸಾಕಾಯಿತು. ಅದಕ್ಕೇ ನಾನು ಈ ದಾರಿಯಲ್ಲಿ ಹೋದದ್ದು ಹೇಗೆ ಅಂತ ಬರೆದುಬಿಡುತ್ತೇನೆ. ನಾನು ವಕೀಲಳಲ್ಲ. ವಕೀಲರನ್ನು ಕೇಳಿದ್ದೇನೆ, ಕಾಯ್ದೆ ತೆಗೆದು ಓದಿದ್ದೇನೆ, ಅಷ್ಟೇ.

ನನ್ನ ಚಾನೆಲ್ಲಿನಲ್ಲಿ ಇರುವುದು ನಮ್ಮ ಕಡೆಯ ಅಡುಗೆ. ಅದರಲ್ಲಿ ಜನ ತುಂಬಾ ನೋಡಿದ್ದು ಎಳ್ಳಮಾವಾಸ್ಯೆಯ ವಿಡಿಯೊ. ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ಮಾರ್ಗಶಿರದ ಅಮಾವಾಸ್ಯೆ ದಿನ ಕಲಬುರಗಿ, ಬೀದರ, ಯಾದಗಿರಿ ಕಡೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಭೂಮಿತಾಯಿಗೆ ಎಡೆ ಅಂತ ಹೊಲದಲ್ಲಿ ಚರಗ ಚೆಲ್ಲಿ, ಗಿಡದ ನೆರಳಲ್ಲಿ ಕೂತು ಎಲ್ಲರೂ ಉಣ್ಣುತ್ತಾರೆ. ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಅಂಬಲಿ, ಇವೆಲ್ಲದರ ಜೊತೆಗೆ ಭಜ್ಜಿ. ಹಸಿ ತೊಗರಿಕಾಳು, ಅವರೆಕಾಳು, ಮೆಂತ್ಯೆ ಸೊಪ್ಪು, ಗಜ್ಜರಿ (ಕ್ಯಾರೆಟ್), ಬದನೆಕಾಯಿ, ಆ ಹೊತ್ತಿಗೆ ಹೊಲದಲ್ಲಿ ಏನು ಸಿಗುತ್ತದೋ ಅದೆಲ್ಲ ಹಾಕಿ, ಹುಣಸೆಹುಳಿ ಬಿಟ್ಟು, ಕಡಲೆಹಿಟ್ಟು ಕಲಸಿ ದೊಡ್ಡ ಪಾತ್ರೆಯಲ್ಲಿ ಕುದಿಸುವುದು. ಜೇವರ್ಗಿ ಕಡೆಯ ನಮ್ಮ ಅತ್ತೆಯವರ ಹೊಲದಲ್ಲಿ ಇದನ್ನು ಶೂಟ್ ಮಾಡಿದೆವು. ಫೋನ್ ಹಿಡಿದವನು ನಮ್ಮಕ್ಕನ ಮಗ. ಊಟ ಆದಮೇಲೆ ಊರಿನ ನಾಲ್ಕು ಜನ ಹಿರಿಯ ಹೆಣ್ಣುಮಕ್ಕಳು ಕೂತು ಹಾಡಿದರು. ಅದನ್ನೂ ಹಾಕಲಾ ಅಂತ ಕೇಳಿದ್ದಕ್ಕೆ, ಹಾಕವ್ವ, ನಮ್ಮ ಹೆಸರು ಬರಲಿ, ಊರ ಹೆಸರು ಬರಲಿ ಅಂದಿದ್ದರು. ವಿಡಿಯೊದ ಕೊನೆಗೆ ನಾಲ್ವರ ಹೆಸರೂ ಊರಿನ ಹೆಸರೂ ದೊಡ್ಡಕ್ಷರದಲ್ಲಿ ಹಾಕಿದ್ದೆ.

ಮರುವರ್ಷ ಅಮಾವಾಸ್ಯೆ ಹತ್ತಿರ ಬಂದಾಗ ನಮ್ಮ ಚಿಕ್ಕಮ್ಮನ ಮಗಳು ಒಂದು ಲಿಂಕ್ ಕಳಿಸಿದಳು. ‘ಇದು ನಿನ್ನ ಕೈ ಅಲ್ವಾ?’ ನನ್ನ ಕೈಯೇ. ಹಸಿರು ಬಳೆ, ಹಂಚು ತಾಗಿ ಸುಟ್ಟ ಕಲೆ, ಅಂಚು ಒಡೆದ ನಮ್ಮತ್ತೆಯ ಮಣ್ಣಿನ ಗಡಿಗೆ, ಎಲ್ಲ ನಮ್ಮದೇ. ಆದರೆ ಕಲೆ ಬಲಗೈ ಬಿಟ್ಟು ಎಡಗೈಗೆ ಬಂದಿತ್ತು. ನಾನು ಎಡಗೈಯಲ್ಲಿ ರೊಟ್ಟಿ ಬಡಿಯುತ್ತಿದ್ದೆ! ಇಡೀ ವಿಡಿಯೊವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಹಾಕಿದ್ದರು. ಹೀಗೆ ತಿರುಗಿಸಿದರೆ, ಸ್ವಲ್ಪ ವೇಗ ಹೆಚ್ಚಿಸಿದರೆ, ಅಂಚು ಕತ್ತರಿಸಿದರೆ ಯೂಟ್ಯೂಬಿನ ಯಂತ್ರಕ್ಕೆ ಸಿಕ್ಕಿಬೀಳುವುದು ಕಡಿಮೆ ಅನ್ನೋದು ಈ ಕಸುಬಿನವರ ಲೆಕ್ಕ. ನನ್ನ ಮಾತು ಅಳಿಸಿ ಕಂಪ್ಯೂಟರ್ ದನಿ ಕೂರಿಸಿದ್ದರು. ಹಾಡು ಮಾತ್ರ ಹಾಗೇ ಇತ್ತು. ಹಾಡಿದವರ ಹೆಸರು ಇರಲಿಲ್ಲ.

ಸಿಟ್ಟು ಬಂದರೂ ಮೊದಲು ಮಾಡಬೇಕಾದ್ದು ಪುರಾವೆ ಎತ್ತಿಡುವುದು. ಹೋಗಿ ಕಮೆಂಟಿನಲ್ಲಿ ಬೈದರೆ ಅವರು ಕಮೆಂಟ್ ಅಳಿಸುತ್ತಾರೆ, ನಿಮ್ಮನ್ನು ಬ್ಲಾಕ್ ಮಾಡುತ್ತಾರೆ, ಕೆಲವರು ವಿಡಿಯೊ ತೆಗೆದು ಬೇರೆ ಹೆಸರಲ್ಲಿ ಮತ್ತೆ ಹಾಕುತ್ತಾರೆ. ನಾನು ಅವರ ವಿಡಿಯೊವನ್ನು ಮೊದಲಿಂದ ಕೊನೆವರೆಗೂ ಸ್ಕ್ರೀನ್ ರೆಕಾರ್ಡ್ ಮಾಡಿಕೊಂಡೆ. ಲಿಂಕು, ಹಾಕಿದ ತಾರೀಖು, ಚಾನೆಲ್ ಹೆಸರು ಬರೆದಿಟ್ಟುಕೊಂಡೆ. ನನ್ನ ವಿಡಿಯೊದ ಯಾವ ನಿಮಿಷ ಅವರಲ್ಲಿ ಎಲ್ಲಿ ಬಂದಿದೆ ಅಂತ ಒಂದು ಹಾಳೆಯಲ್ಲಿ ಎದುರು ಬದುರು ಬರೆದೆ. ಆಮೇಲೆ ಅಕ್ಕನ ಮಗನ ಫೋನಿನಿಂದ ಎಡಿಟ್ ಮಾಡದ ಮೂಲ ತುಣುಕುಗಳನ್ನು ತಾರೀಖು ಸಮೇತ ಪೆನ್‌ಡ್ರೈವಿಗೆ ಹಾಕಿಸಿಕೊಂಡೆ. ಎಡಿಟ್ ಆದದ್ದನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ರೊಟ್ಟಿ ಹರಿದುಹೋಗಿ ನಾನು ನಗುವ, ನಾಯಿ ನಡುವೆ ಬರುವ ತುಣುಕು ತೆಗೆದವರ ಹತ್ತಿರ ಮಾತ್ರ ಇರುತ್ತದೆ.

ಅವರ ಚಾನೆಲ್ಲಿನಲ್ಲಿದ್ದ ಇಮೇಲಿಗೆ ಬರೆದೆ. ಜಗಳ ಇಲ್ಲ, ಸುಮ್ನೆ ವಿಷಯ ಅಷ್ಟೇ: ಇದು ನನ್ನ ವಿಡಿಯೊ, ಕೇಳದೆ ಹಾಕಿದ್ದೀರಿ, ತೆಗೆಯಿರಿ. ಉತ್ತರ ಬಂತು. ‘ಕೆಳಗೆ ಡಿಸ್ಕ್ಲೇಮರ್ ಹಾಕಿದ್ದೇವೆ, ನೋಡಿ.’ ನೋಡಿದೆ. 1976ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 107ರ ಪ್ರಕಾರ ಫೇರ್ ಯೂಸ್, ಅಂದರೆ ಕೇಳದೆಯೂ ಮಾಡಬಹುದಾದ ನ್ಯಾಯವಾದ ಬಳಕೆ ಅಂತ ಇಂಗ್ಲಿಷಿನಲ್ಲಿ ಒಂದು ಪ್ಯಾರಾ. ನೀವೂ ನೋಡಿರುತ್ತೀರಿ, ಹಾಡಿನ ಚಾನೆಲ್, ಸಿನಿಮಾ ಚಾನೆಲ್, ಭವಿಷ್ಯ ಹೇಳುವ ಚಾನೆಲ್, ಎಲ್ಲರ ಕೆಳಗೂ ಅದೇ ಪ್ಯಾರಾ, ಅದೇ ಕಾಮಾ. ಅದು ಅಮೆರಿಕದ ಕಾಯ್ದೆ. ನಮ್ಮದು 1957ರದು, ಜಾರಿಗೆ ಬಂದದ್ದು 1958ರಲ್ಲಿ. ನಮ್ಮಲ್ಲಿ ಏನೇನಕ್ಕೆ ರಿಯಾಯಿತಿ ಇದೆ ಅಂತ ಸೆಕ್ಷನ್ 52ರಲ್ಲಿ ಪಟ್ಟಿಯೇ ಇದೆ. ಸ್ವಂತ ಓದು, ಸಂಶೋಧನೆ, ವಿಮರ್ಶೆ, ನಡೆಯುತ್ತಿರುವ ಘಟನೆಗಳ ವರದಿ, ಪಾಠ, ಹೀಗೆ. ಇಡೀ ವಿಡಿಯೊ ಎತ್ತಿ ಜಾಹೀರಾತಿನ ದುಡ್ಡು ಮಾಡುವುದು ಅದರಲ್ಲಿಲ್ಲ. ಅಮೆರಿಕದ ಸೆಕ್ಷನ್ 107 ಕೂಡ ಅದನ್ನು ಪೇಸ್ಟ್ ಮಾಡಿದವರಿಗೆಲ್ಲ ಲೈಸೆನ್ಸ್ ಕೊಡುವುದಿಲ್ಲ. ಯಾಕೆ ಬಳಸಿದಿರಿ, ಎಷ್ಟು ತೆಗೆದುಕೊಂಡಿರಿ, ಮೂಲದವರ ಗಳಿಕೆಗೆ ಹೊಡೆತ ಬಿತ್ತಾ, ಇವನ್ನೆಲ್ಲ ನೋಡಿ ತೂಗಬೇಕು ಅನ್ನುತ್ತದೆ. ಮೂವತ್ತು ಸೆಕೆಂಡಿಗಿಂತ ಕಡಿಮೆ ಇದ್ದರೆ ನಡೆಯುತ್ತದೆ ಅನ್ನೋದೂ ಬರೀ ಬಾಯಿಮಾತು. ಅಂಥ ನಿಯಮ ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಇಷ್ಟಾದಮೇಲೆ ನಮ್ಮ ಓಣಿಯ ವಕೀಲರ ಹತ್ತಿರ ಹೋದೆ. ರಿಜಿಸ್ಟರ್ ಮಾಡಿಸಿಲ್ಲ, ಏನಾದರೂ ಆಗುತ್ತಾ ಅನ್ನೋದು ನನ್ನ ಭಯ. ಅವರು ನಕ್ಕರು. ಕಾಪಿರೈಟ್ ಹುಟ್ಟುವುದು ಕೆಲಸ ಮಾಡಿದಾಗಲೇ, ರಿಜಿಸ್ಟ್ರೇಷನ್ ಕಡ್ಡಾಯ ಅಲ್ಲ, ಕೋರ್ಟಿನಲ್ಲಿ ಪುರಾವೆಗೆ ಅನುಕೂಲ ಅಷ್ಟೇ ಅಂದರು. ಮಾಡಿಸುವುದಾದರೆ ದೆಹಲಿಯ ಕಾಪಿರೈಟ್ ಕಚೇರಿಗೆ ಆನ್‌ಲೈನಲ್ಲೇ ಅರ್ಜಿ ಹಾಕಬಹುದು. ಬರಹಕ್ಕೆ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000, ವಿಡಿಯೊಗೆ 5,000. ಕಾಯ್ದೆಯ ಲೆಕ್ಕದಲ್ಲಿ ವಿಡಿಯೊ ಅಂದರೆ ಸಿನಿಮಾಟೋಗ್ರಾಫ್ ಫಿಲ್ಮ್. ಕೋಟಿ ಕೋಟಿ ಸುರಿದು ತೆಗೆಯುವ ಸಿನಿಮಾ, ನಾನು ಒಲೆ ಊದುವ ವಿಡಿಯೊ, ಎರಡಕ್ಕೂ ಒಂದೇ ಶುಲ್ಕ. ನಾನು ಮಾಡಿಸಲಿಲ್ಲ.

ಆಮೇಲೆ ಅವರು ಕೇಳಿದ ಪ್ರಶ್ನೆ ನನ್ನ ತಲೆಯಲ್ಲಿ ಇರಲೇ ಇಲ್ಲ. ‘ಕ್ಯಾಮೆರಾ ಯಾರು ಹಿಡಿದಿದ್ರು ತಂಗಿ?’

ಅದು ಯಾಕೆ ಬೇಕು ಅಂದರೆ, ಫೋಟೊ ಆದರೆ ತೆಗೆದವರೇ ಅದರ ಕರ್ತೃ. ವಿಡಿಯೊ ಆದರೆ ಹಾಗಲ್ಲ, ಮಾಡಿಸುವ ಜವಾಬ್ದಾರಿ ಹೊತ್ತವರು, ಅಂದರೆ ನಿರ್ಮಾಪಕರು. ಹಾಗಾಗಿ ಭಜ್ಜಿಯ ವಿಡಿಯೊ ನನ್ನದು. ಅವತ್ತೇ ಅಕ್ಕನ ಮಗ ತೆಗೆದ ತಾಟಿನ ಫೋಟೊ ಅವನದು, ನನ್ನದಲ್ಲ. ಹಾಡಿದವರಿಗೆ ಬೇರೆಯೇ ಹಕ್ಕು, ಸೆಕ್ಷನ್ 38ರಲ್ಲಿ ಪ್ರದರ್ಶಕರ ಹಕ್ಕು ಅಂತ, 50 ವರ್ಷ. 2012ರ ತಿದ್ದುಪಡಿಯಲ್ಲಿ 38ಬಿ ಅಂತ ಸೇರಿಸಿ, ಹಾಡಿದ್ದು ನಾವು ಅಂತ ಹೇಳಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿದ್ದಾರೆ. ಭಜ್ಜಿ ಮಾಡುವ ರೀತಿಗೆ? ಅದಕ್ಕೆ ಯಾರ ಹಕ್ಕೂ ಇಲ್ಲ. ನಮ್ಮತ್ತೆಗೆ ಅವರತ್ತೆ ಕಲಿಸಿದ್ದು. ನಾಳೆ ಯಾರಾದರೂ ನನ್ನ ವಿಡಿಯೊ ನೋಡಿ, ತಮ್ಮ ಒಲೆ ಮೇಲೆ, ತಮ್ಮ ಮಾತಿನಲ್ಲಿ, ನಾನು ಹಾಕಿದ್ದೇ ಕಾಳು ಸೊಪ್ಪು ಹಾಕಿ ಭಜ್ಜಿ ಮಾಡಿ ತೋರಿಸಿದರೆ ನಾನು ಕೇಳುವಂತಿಲ್ಲ, ಕೇಳಲೂಬಾರದು. ವಿಚಾರಕ್ಕೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೂಪಕ್ಕೆ ಮಾತ್ರ ಅಂತ ಸುಪ್ರೀಂ ಕೋರ್ಟ್ 1978ರಲ್ಲೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ನನ್ನ ರೆಸಿಪಿ ಕದ್ದರು ಅಂತ ಅಡುಗೆ ಚಾನೆಲ್ಲಿನವರು ಕೂಗಾಡುವಾಗೆಲ್ಲ ನನಗೆ ಇದು ನೆನಪಾಗುತ್ತದೆ. ಜೋಳದ ರೊಟ್ಟಿಗೆ ಯಾರು ಮಾಲೀಕರು ಹೇಳಿ?

ಹಳೇದೆಲ್ಲ ಪುಕ್ಕಟೆ ಅಲ್ವಾ ಅಂತ ಪಕ್ಕದ ಮನೆಯ ಹುಡುಗಿಯೂ ಕೇಳಿದಳು, ಅವಳು ಕವಿತೆ ಓದಿ ರೀಲ್ಸ್ ಹಾಕುತ್ತಾಳೆ. ಬಸವಣ್ಣನವರ ವಚನ ಧಾರಾಳವಾಗಿ ಓದು ಅಂದೆ. ಬೇರೆಯವರದು ಆದರೆ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಎಣಿಸಬೇಕು. ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ, ಅವರ ಬದುಕಿನ ಕಾಲದಲ್ಲಿ ಅಚ್ಚಾದ ಕವಿತೆಗಳು 2024ರಿಂದ ಎಲ್ಲರವು. ಬೇಂದ್ರೆಯವರದು 1981, ಅಂದರೆ 2041ರ ಕೊನೆವರೆಗೂ ಕಾಯಬೇಕು, ಇಲ್ಲ ಅವರ ಕಡೆಯವರನ್ನು ಕೇಳಬೇಕು. ಅವಳ ಮುಖ ಸಣ್ಣದಾಯಿತು.

ಪೊಲೀಸ್ ದೂರು ಕೊಡಬಹುದಾ ಅಂತಲೂ ವಕೀಲರನ್ನು ಕೇಳಿದ್ದೆ. ಕೊಡಬಹುದು. ಸೆಕ್ಷನ್ 63ರಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಜಾಮೀನು ತಾನಾಗಿ ಸಿಗದ, ಕೋರ್ಟ್ ಒಪ್ಪಿದರೆ ಮಾತ್ರ ಸಿಗುವ ಅಪರಾಧ ಅಂತಲೂ ಹೇಳಿದೆ. ಅಷ್ಟು ದೂರ ಹೋಗುವುದು ನನಗೆ ಬೇಕಿರಲಿಲ್ಲ. ವಿಡಿಯೊ ಹೋದರೆ ಸಾಕಿತ್ತು.

ಹಾಗಾಗಿ ಯೂಟ್ಯೂಬಿನ ಫಾರ್ಮು. ಇದು ಇಂಟರ್ನೆಟ್ಟಿನ ಕಾಪಿರೈಟಿಗೆ ಅಂತ ಇರುವ ಅಮೆರಿಕದ 1998ರ ಡಿಎಂಸಿಎ ಕಾಯ್ದೆಯ ಪ್ರಕಾರ ನಡೆಯುವ ವ್ಯವಸ್ಥೆ, ಆದರೆ ಕಲಬುರಗಿಯಲ್ಲಿ ಕೂತು ತುಂಬಲು ಏನೂ ತೊಂದರೆ ಇಲ್ಲ. ಚಾನೆಲ್ ನೋಡಿಕೊಳ್ಳುವ ಯೂಟ್ಯೂಬ್ ಸ್ಟುಡಿಯೊದೊಳಗೇ ಸಿಗುತ್ತದೆ. ನನ್ನ ಲಿಂಕು, ಅವರ ಲಿಂಕು, ಎಷ್ಟನೇ ನಿಮಿಷದಿಂದ ಎಷ್ಟಕ್ಕೆ, ಎಲ್ಲ ಕೇಳುತ್ತದೆ. ಮೊದಲೇ ಬರೆದಿಟ್ಟ ಹಾಳೆ ಇಲ್ಲಿ ಉಪಯೋಗಕ್ಕೆ ಬಂತು. ನಿಮ್ಮ ಪೂರ್ತಿ ಹೆಸರು ಟೈಪ್ ಮಾಡಬೇಕು, ಅದೇ ಸಹಿ. ಸುಳ್ಳು ಹೇಳಿದರೆ ಕಾನೂನು ಕ್ರಮ ಅಂತ ಒಪ್ಪಿಕೊಳ್ಳಬೇಕು, ಆದ್ದರಿಂದ ಸಿಟ್ಟಿಗೆ ಯಾರ ಮೇಲೋ ಹಾಕುವ ಫಾರ್ಮ್ ಇದಲ್ಲ. ಹೆಣ್ಣುಮಕ್ಕಳು ಒಂದು ಗಮನದಲ್ಲಿಡಿ: ಹಕ್ಕುದಾರರ ಹೆಸರು ಮತ್ತು ಒಂದು ಇಮೇಲ್ ಎದುರಿನವರಿಗೆ ಹೋಗುತ್ತದೆ. ನಾನು ಇದಕ್ಕೇ ಅಂತ ಬೇರೆ ಇಮೇಲ್ ಮಾಡಿಕೊಂಡೆ.

ಅಲ್ಲಿ ಎರಡು ದಾರಿ ಇವೆ. ಒಂದು, ಈಗಲೇ ತೆಗೆಯಿರಿ. ಇನ್ನೊಂದು, ಏಳು ದಿನ ಸಮಯ ಕೊಡಿ. ಏಳು ದಿನದೊಳಗೆ ಅವರೇ ತೆಗೆದರೆ ಅವರಿಗೆ ಸ್ಟ್ರೈಕ್, ಅಂದರೆ ಚಾನೆಲ್ ಮೇಲೆ ಯೂಟ್ಯೂಬ್ ಹಾಕುವ ತಪ್ಪಿನ ಗುರುತು, ಬೀಳುವುದಿಲ್ಲ. ಸ್ಟ್ರೈಕ್ ಬಿದ್ದರೆ 90 ದಿನ ಇರುತ್ತದೆ, ಆ ಅವಧಿಯಲ್ಲಿ ಮೂರು ಆದರೆ ಚಾನೆಲ್ಲೇ ಹೋಗಬಹುದು. ನಾನು ಏಳು ದಿನದ್ದನ್ನೇ ಒತ್ತಿದೆ. ಮನೆಯಲ್ಲಿ ಎಲ್ಲರೂ ಬೈದರು. ಎದುರಿಗೆ ಇರುವವರು ಯಾರು ಅಂತ ಗೊತ್ತಿಲ್ಲದೆ ಒಮ್ಮೆಲೇ ಹೊಟ್ಟೆಗೆ ಹೊಡೆಯುವುದು ನನಗೆ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ.

ಆ ಚಾನೆಲ್ಲಿನವರು ನನ್ನ ಇಮೇಲಿಗೆ ನಂಬರ್ ಕೇಳಿ ಬರೆದರು, ಕೊಟ್ಟೆ, ಫೋನ್ ಬಂತು. ದನಿ ಕೇಳಿದರೆ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ. ನಮ್ಮ ಕಡೆಯವನೇ.

‘ಅಕ್ಕೋರೆ, ಅದು ನಾ ಮಾಡಿದ್ದಲ್ರಿ, ಎಡಿಟರ್ ಮಾಡ್ಯಾನ್ರಿ.’

‘ಚಾನೆಲ್ ಯಾರದಪ್ಪ?’

‘ಚಾನೆಲ್ ನಂದೇ ರೀ. ಆದ್ರ ಎಲ್ರೂ ಹಿಂಗೇ ಮಾಡ್ತಾರಲ್ರಿ. ನಿಮಗೂ ಪ್ರಚಾರ ಆಯ್ತು ನೋಡ್ರಿ.’

‘ನನ್ನ ಹೆಸರೇ ಇಲ್ಲ, ಪ್ರಚಾರ ಎಲ್ಲಿಂದ ಬರ್ತದ?’

‘ಹೆಸರು ಹಾಕ್ತೀನಿ ಬಿಡ್ರಿ. ಹಾಕಿದ್ರ ಆಯ್ತಲ್ಲ?’

ಇದೇ ನೋಡಿ ಎಲ್ಲರೂ ಮುಗ್ಗರಿಸುವ ಜಾಗ. ಹೆಸರು ಹಾಕುವುದು ಬೇರೆ, ಕೇಳುವುದು ಬೇರೆ. ಹೆಸರು ಹಾಕಿದರೆ ಅನುಮತಿ ಸಿಕ್ಕಿತು ಅಂತಲ್ಲ. ಅನುಮತಿ ಸಿಕ್ಕಿತು ಅಂತ ಹೆಸರು ಬಿಡುವಂತೆಯೂ ಇಲ್ಲ. ಯಾರು ಬೇಕಾದರೂ ಕೇಳದೆಯೇ ಬಳಸಲಿ ಅಂತ ಇಟ್ಟಿರುವುದೂ ಬೇಕಾದಷ್ಟಿದೆ. ವಿಕಿಮೀಡಿಯ ಕಾಮನ್ಸ್ ಅನ್ನೋ ವೆಬ್‌ಸೈಟಿನಲ್ಲಿ ಬೀದರ ಕೋಟೆ, ಗವಾನ್ ಮದರಸಾ, ಕಲಬುರಗಿ ಜಾಮಿ ಮಸೀದಿ, ಎಲ್ಲದರ ಫೋಟೊ ಇವೆ. ಅವುಗಳಲ್ಲಿ ಬಹಳಷ್ಟಕ್ಕೆ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಇರುತ್ತದೆ, ಅಂದರೆ ಎಲ್ಲರಿಗೂ ಮೊದಲೇ ಕೊಟ್ಟಿಟ್ಟ ಅನುಮತಿ. ತೆಗೆದವರ ಹೆಸರು ಹಾಕಿ, ಲೈಸೆನ್ಸ್ ಯಾವುದು ಅಂತ ತೋರಿಸಿ, ಬದಲಾವಣೆ ಮಾಡಿದ್ದರೆ ಹೇಳಿ, ಲೈಸೆನ್ಸಿನಲ್ಲಿ ಬೇರೆ ಷರತ್ತು ಇದ್ದರೆ ಅದನ್ನೂ ಪಾಲಿಸಿ, ಇಷ್ಟು ಮಾಡಿದರೆ ಯಾರನ್ನೂ ಕೇಳಬೇಕಿಲ್ಲ. ಆ ಹುಡುಗನಿಗೂ ಇದನ್ನೇ ಹೇಳಿದೆ. ಹೂಂ ಹೂಂ ಅಂದ. ಮರುದಿನ ವಿಡಿಯೊ ಹೋಗಿತ್ತು.

ಆದರೆ ಶಾರ್ಟ್ಸ್, ಅಂದರೆ ಯೂಟ್ಯೂಬಿನ ಚಿಕ್ಕ ವಿಡಿಯೊ, ಹಾಗೇ ಇತ್ತು! ಹಾಡಿನ ಭಾಗವನ್ನೇ ಕತ್ತರಿಸಿ, ಸೂರ್ಯ ಮುಳುಗುವ ಯಾವುದೋ ಚಿತ್ರ ಹಾಕಿ, ‘ನಮ್ಮ ಹಳ್ಳಿ ಸೊಗಡು’ ಅಂತ ಬಿಟ್ಟಿದ್ದ. ಅದನ್ನು ಉದ್ದದ ವಿಡಿಯೊಗಿಂತ ಎಷ್ಟೋ ಜನ ಜಾಸ್ತಿ ನೋಡಿದ್ದರು. ಈ ಸಲ ನಾನು ಏಳು ದಿನ ಕೊಡಲಿಲ್ಲ. ಮತ್ತೆ ಪ್ರತಿ ಹಾಕದಂತೆ ತಡೆಯುವ ಡಬ್ಬಿಗೂ ಟಿಕ್ ಹಾಕಿದೆ. ಅದು ಹೋಯಿತು, ಅವನಿಗೆ ಸ್ಟ್ರೈಕ್ ಬಿತ್ತು, ಮತ್ತೆ ಫೋನ್. ಈ ಸಲ ದನಿ ಬೇರೆ ಇತ್ತು. ಕೌಂಟರ್ ನೋಟಿಸ್ ಹಾಕ್ತೀನಿ, ನೀವು ಕೋರ್ಟಿಗೆ ಹೋಗಬೇಕಾಗ್ತದ ಅಂದ.

ಇದು ಸುಳ್ಳಲ್ಲ. ಎದುರಿನವರು ಪ್ರತಿವಾದ ಹಾಕಿದರೆ, ಅಮೆರಿಕದ ಲೆಕ್ಕದ 10 ಕೆಲಸದ ದಿನದೊಳಗೆ ನಾವು ಕೋರ್ಟಿಗೆ ಹೋಗಿರುವ ದಾಖಲೆ ತೋರಿಸಬೇಕು. ಇಲ್ಲದಿದ್ದರೆ ವಿಡಿಯೊ ವಾಪಸ್ ಬರಬಹುದು. ಸಣ್ಣವರು ಹೆದರಿ ಕೈಬಿಡುವುದು ಇಲ್ಲೇ. ವಕೀಲರು ಇದನ್ನು ಕೇಳಿ ಎರಡು ಮಾತು ಹೇಳಿದರು. ಒಂದು, ಕೌಂಟರ್ ಹಾಕಬೇಕಾದರೆ ಅವನು ತನ್ನ ನಿಜವಾದ ಹೆಸರು, ವಿಳಾಸ, ಫೋನ್ ನಂಬರ್ ಕೊಡಬೇಕು, ಅದು ನನಗೆ ಬರುತ್ತದೆ. ಎರಡು, ನಾನು ದಾವೆ ಹಾಕಲು ದೆಹಲಿಗೋ ಅಮೆರಿಕಕ್ಕೋ ಹೋಗಬೇಕಿಲ್ಲ. ಹಕ್ಕುದಾರರು ಎಲ್ಲಿ ಇದ್ದಾರೋ ಅಲ್ಲಿಯ ಜಿಲ್ಲಾ ಕೋರ್ಟಿನಲ್ಲೇ ಹಾಕಬಹುದು ಅಂತ ಸೆಕ್ಷನ್ 62 ಹೇಳುತ್ತದೆ. ಅಂದರೆ ನಮ್ಮ ಕಲಬುರಗಿ. ಈ ಎರಡು ಮಾತನ್ನೂ ಅವನಿಗೆ ಹಾಗೇ ಬರೆದು ಕಳಿಸಿದೆ. ಕೌಂಟರ್ ಬರಲಿಲ್ಲ. ಫೋನೂ ಬರಲಿಲ್ಲ.

ಹಾಡಿದವರಿಗೆ ವಿಷಯ ಹೇಳಬೇಕಿತ್ತು. ಊರಿಗೆ ಹೋದಾಗ ಫೋನಿನಲ್ಲಿ ಆ ಶಾರ್ಟ್ಸ್ ತೋರಿಸಿದೆ, ನನ್ನ ಹತ್ತಿರ ರೆಕಾರ್ಡ್ ಇತ್ತಲ್ಲ. ನಾಲ್ವರಲ್ಲಿ ಹಿರಿಯರಾದ ಆಯಿ ಕಣ್ಣಿಗೆ ಹತ್ತಿರ ಹಿಡಿದು ಪೂರ್ತಿ ಕೇಳಿದರು. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ.

‘ಹಾಡು ಯಾರಪ್ಪಂದು ಅದ? ಹಾಡ್ಲಿ ಬಿಡು. ನಮ್ಮವ್ವನೂ ಹಾಡ್ತಿದ್ಳು. ನಮ್ ದನಿ ಇಟ್ಕೊಂಡು ನಮ್ ಹೆಸರು ಯಾಕ ತಗದ?’

ವಕೀಲರು ಅರ್ಧ ಗಂಟೆ ಬಿಡಿಸಿ ಹೇಳಿದ್ದನ್ನು ಆಯಿ ಒಂದೇ ಉಸಿರಿಗೆ ಹೇಳಿದರು. ಹಾಡು ಕಟ್ಟಿದವರು ಯಾರೋ ಗೊತ್ತಿಲ್ಲ, ಅದು ಎಲ್ಲರದು. ದನಿ ಇವರದು. ಪಕ್ಕದಲ್ಲಿದ್ದವರು, ದುಡ್ಡು ಎಷ್ಟು ಬಂತಂತ ಅವನಿಗೆ ಅಂತ ಕೇಳಿದರು. ಆ ಪ್ರಶ್ನೆ ನನಗೂ ತಾಗಿತು. ಅದೇ ವಿಡಿಯೊದಿಂದ ನನಗೂ ಅಷ್ಟೋ ಇಷ್ಟೋ ಬರುತ್ತದಲ್ಲ. ಬಂದದ್ದು ಎಷ್ಟು ಅಂತ ಫೋನಿನಲ್ಲೇ ತೆಗೆದು ತೋರಿಸಿದೆ. ಈಗ ಆ ವಿಡಿಯೊದ ಗಳಿಕೆಯಲ್ಲಿ ಅವರಿಗೂ ಪಾಲು ಹೋಗುತ್ತದೆ, ದೊಡ್ಡ ಮೊತ್ತ ಏನಲ್ಲ, ಎಲೆ ಅಡಿಕೆಗೆ ಆಗುವಷ್ಟು. ಒಪ್ಪಿಗೆಯನ್ನು ಕಾಗದದಲ್ಲೂ ಬರೆದುಕೊಂಡಿದ್ದೇವೆ, ಕನ್ನಡದಲ್ಲಿ, ಓದಿ ಹೇಳಿ, ಸಹಿ ಹಾಕಿಸಿ.

ಇನ್ನೊಂದು ಪ್ರಸಂಗ ಬೇಗ ಹೇಳಿಬಿಡುತ್ತೇನೆ. ಅಕ್ಕನ ಮಗ ತೆಗೆದ ಆ ತಾಟಿನ ಫೋಟೊ ಊರೊಳಗೇ ಒಂದು ಖಾನಾವಳಿಯ ಫ್ಲೆಕ್ಸ್ ಮೇಲೆ ಕಂಡಿತು, ಆಳೆತ್ತರಕ್ಕೆ. ಫೋಟೊ ಅವನದು, ಹಾಗಾಗಿ ಮಾತಾಡಬೇಕಾದವನೂ ಅವನೇ, ನಾನು ಪಕ್ಕದಲ್ಲಿ ನಿಂತಿದ್ದೆ. ಮಾಲೀಕರು ಪಾಪ, ‘ಗೂಗಲ್‌ದಾಗ ಸಿಕ್ಕದ್ರಿ, ಫ್ಲೆಕ್ಸ್ ಅಂಗಡಿ ಹುಡುಗ ಹಾಕ್ಯಾನ’ ಅಂದರು. ಗೂಗಲ್ ಬರೀ ಹುಡುಕಿ ತೋರಿಸುತ್ತದೆ, ಫೋಟೊ ಅದರದ್ದಲ್ಲ. ಅಲ್ಲೇ ಟೂಲ್ಸ್ ಒತ್ತಿ ಬಳಕೆಯ ಹಕ್ಕು ಅನ್ನೋ ಕಡೆ ಕ್ರಿಯೇಟಿವ್ ಕಾಮನ್ಸ್ ಆಯ್ಕೆ ಮಾಡಿದರೆ ಬಳಸಬಹುದಾದವು ಬೇರೆಯಾಗಿ ಬರುತ್ತವೆ, ಆಮೇಲೆ ಆ ಪುಟಕ್ಕೆ ಹೋಗಿ ಲೈಸೆನ್ಸ್ ಖಾತ್ರಿ ಮಾಡಿಕೊಳ್ಳಬೇಕು. ಅಕ್ಕನ ಮಗ ಅದನ್ನು ಅಲ್ಲೇ ಕೌಂಟರಿನಲ್ಲಿ ತೋರಿಸಿಕೊಟ್ಟ. ಆಮೇಲೆ ಒಂದು ಮಾತು ಸೇರಿಸಿದ, ‘ನಿಮ್ಮ ಖಾನಾವಳ್ಯಾಗ ಸಜ್ಜೆ ಕಡುಬು ಮಾಡೋದೇ ಇಲ್ಲಲ್ರಿ, ಫ್ಲೆಕ್ಸ್ ಮ್ಯಾಲ ಅದ.’ ಮಾಲೀಕರು ಜೋರಾಗಿ ನಕ್ಕರು. ಅವರ ಸ್ವಂತ ಊಟದ ಫೋಟೊ ತೆಗೆಯುವ ಕೆಲಸ ಇವನಿಗೇ ಸಿಕ್ಕಿತು, ದುಡ್ಡೂ ಕೊಟ್ಟರು. ಎಲ್ಲ ಕಡೆ ಹೀಗೆ ಆಗುವುದಿಲ್ಲ. ಎದುರಿಗೆ ನಿಂತು ಮಾತಾಡಬಹುದಾದ ಕಡೆ ಮೊದಲು ಮಾತಾಡುವುದೇ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ.

ಈಗ ನನ್ನ ಪ್ರತಿ ವಿಡಿಯೊದ ಕೆಳಗೆ ನಾಲ್ಕು ಸಾಲು ಇರುತ್ತದೆ. ಅಡುಗೆ ಮಾಡಿ, ನಿಮ್ಮದೇ ವಿಡಿಯೊ ಮಾಡಿ, ಅದಕ್ಕೆ ನನ್ನನ್ನು ಕೇಳಬೇಡಿ. ನನ್ನ ವಿಡಿಯೊ ಬೇಕಾದರೆ ಈ ಇಮೇಲಿಗೆ ಬರೆಯಿರಿ. ಹಾಡಿದವರು ಇವರು, ಊರು ಇದು. ಹೆಸರು ತೆಗೆಯುವಂತಿಲ್ಲ. ಯಾದಗಿರಿಯ ಒಬ್ಬ ಮೇಷ್ಟ್ರು ಬರೆದು, ಮಕ್ಕಳಿಗೆ ಹಬ್ಬದ ಪಾಠಕ್ಕೆ ತರಗತಿಯಲ್ಲಿ ತೋರಿಸಲಾ ಅಂತ ಕೇಳಿದರು. ತರಗತಿಯಲ್ಲಿ ಮಕ್ಕಳಿಗೆ ತೋರಿಸಲು ಸೆಕ್ಷನ್ 52ರಲ್ಲೇ ಅವಕಾಶ ಇದೆ, ನೀವು ಕೇಳಲೇಬೇಕು ಅಂತಿರಲಿಲ್ಲ ಸರ್ ಅಂತ ಬರೆದೆ. ಆದರೂ ಕೇಳಿದರಲ್ಲ, ಎಡಿಟ್ ಮಾಡದ ಪೂರ್ತಿ ಹಾಡನ್ನೂ ಕಳಿಸಿಕೊಟ್ಟೆ.

ಇನ್‌ಸ್ಟಾಗ್ರಾಮಿನಲ್ಲಿ ಅದೇ ಹಾಡಿನ ತುಣುಕು ಇನ್ನೊಂದು ಪುಟದಲ್ಲಿ ಇದೆ ಅಂತ ಮೊನ್ನೆ ಗೊತ್ತಾಗಿದೆ. ಅಲ್ಲಿಯ ಫಾರ್ಮು ಬೇರೆ, ಕೇಳುವುದು ಹೆಚ್ಚುಕಡಿಮೆ ಅದನ್ನೇ. ಮೊದಲು ಆ ಪುಟದವರಿಗೇ ಮೆಸೇಜ್ ಹಾಕಿದ್ದೇನೆ. ನೋಡಿದ್ದಾರೆ ಅಂತ ತೋರಿಸುತ್ತಿದೆ, ಉತ್ತರ ಇಲ್ಲ. ಈ ಭಾನುವಾರದವರೆಗೆ ನೋಡಿ ಫಾರ್ಮ್ ತುಂಬುತ್ತೇನೆ.